ತೊಂಬತ್ತಾರು ಗುಳಿಯ ಮಣೆ

ಅಂಗೈಯಗಲದ ಪ್ಲಾಸ್ಟಿಕ್ಕು. ಎಂಟು ಸಾಲು, ಹನ್ನೆರಡು ಮನೆ.
ಅಳಗುಳಿಮಣೆಯನ್ನು ಯಾರೋ ಇರುವೆಗಳ ಆಟಕ್ಕೆಂದು ಕೆತ್ತಿದಂತೆ.
ಹುಣಸೆಬೀಜದ ಬದಲು ಒಂದೊಂದು ಗುಳಿಗೂ
ಒಂದೊಂದು ಮಗುವಿನ ರಕ್ತದ ತಿಳಿ,
ನೂರು ಪಾಲು ತೆಳುವಾಗಿಸಿದ್ದು.

ಹೆಸರಿಲ್ಲ. ಹಾ-೪೭, ಹಾ-೪೮.
ಹಾನುಬಾಳಿನ ಆಚೆ, ಎಸ್ಟೇಟಿನ ಲೈನ್ ಮನೆಗಳಿಂದ
ಐಸು ಪೆಟ್ಟಿಗೆಯಲ್ಲಿ ಕೂತು, ಸಕಲೇಶಪುರದಲ್ಲಿ ಬಸ್ಸು ಬದಲಿಸಿ
ಹಾಸನಕ್ಕೆ ಬಂದವು.
ಜಾರ್ಖಂಡಿನಿಂದ ಮೆಣಸು ಬಿಡಿಸಲು ಬಂದವರ ಮಕ್ಕಳು.
ಮೂರು ಸೂಜಿ ಮುಗಿಸಿದ್ದಾರೆ, ಮೂರಕ್ಕೂ ಅತ್ತಿದ್ದಾರೆ.
ಅಳು ಬರೆಯಲು ನಮ್ಮ ಫಾರಮ್ಮಿನಲ್ಲಿ ಕಾಲಂ ಇಲ್ಲ.

ಒಂದು ಹನಿ ಬಿಟ್ಟರೆ ನೀಲಿ ಏಳುತ್ತದೆ,
ಅಪ್ಪನ ಬಿಳಿ ಪಂಚೆಗೆ ಅಮ್ಮ ಹಾಕುತ್ತಿದ್ದ ನೀಲಿ.
ಹದಿನೈದು ನಿಮಿಷ. ಆಮೇಲೆ ಆಮ್ಲ.
ನಿಂತ ನಿಲುವಿನಲ್ಲೇ ಹುಚ್ಚೆಳ್ಳು ಹೊಲದ ಹಳದಿ.
ಎಷ್ಟು ಹಳದಿಯೋ ಅಷ್ಟು ಪ್ರತಿಕಾಯ,
ಅನ್ನುತ್ತದೆ ಯಂತ್ರ, ಮೂರು ದಶಾಂಶದ ತನಕ.

ಎಷ್ಟಿದ್ದರೆ ಸಾಕು?
ಇದೊಂದೇ ಪ್ರಶ್ನೆ. ಇದಕ್ಕೇ ನನ್ನ ಸಂಬಳ.
ಸೊಳ್ಳೆ ಕಚ್ಚಿದ ಮೇಲೆ ಇರುವುದು ಅರ್ಧ ಗಂಟೆ:
ಹಾಸನ ಬಿಟ್ಟ ಬಸ್ಸು ಶಾಂತಿಗ್ರಾಮ ದಾಟುವಷ್ಟರಲ್ಲಿ
ಚರ್ಮದಿಂದ ಹೊರಟದ್ದು ಯಕೃತ್ತಿನ ಕದ ತಟ್ಟಿರುತ್ತದೆ.
ಅಷ್ಟರೊಳಗೆ ಹಿಡಿಯಬೇಕು.
ಒಂದೇ ಒಂದು ತಪ್ಪಿಸಿಕೊಂಡರೂ ವಾರದೊಳಗೆ ಸಾವಿರಗಟ್ಟಲೆ.
ದಾರಿಯಲ್ಲಿ ಎಷ್ಟು ಜನ ಚೆಕಿಂಗಿನವರು ಹತ್ತಿದರೆ
ಟಿಕೆಟ್ಟಿಲ್ಲದವನು ಖಂಡಿತ ಸಿಕ್ಕಿಬೀಳುತ್ತಾನೆ?

ತಾತ ನಿರ್ವಾಣಯ್ಯನ ಹತ್ತಿರ ಯಂತ್ರವಿರಲಿಲ್ಲ.
ಬೆನ್ನಿಗೆ ಡಿ.ಡಿ.ಟಿ. ಪಂಪು, ಕಿವಿಯ ಮೇಲೆ ಸೀಮೆಸುಣ್ಣ.
ಶಾಲೆಯ ಜಗುಲಿಯಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ
ಎಡಪಕ್ಕೆಯ ಕೆಳಗೆ ಬೆರಳೂರಿ ನೋಡುತ್ತಿದ್ದರಂತೆ:
ಜ್ವರಗಡ್ಡೆ ಒಂದು ಬೆರಳು, ಎರಡು ಬೆರಳು, ಅಂಗೈ.
ಕಚಗುಳಿಗೆ ಮಕ್ಕಳು ನಗುತ್ತಿದ್ದವು.
ಲೆಕ್ಕ ಬರೆದುಕೊಂಡು ತಾತ ನಗುತ್ತಿರಲಿಲ್ಲ.

ಹಾ-೪೭, ಇಡೀ ತಟ್ಟೆಯಲ್ಲೇ ದಟ್ಟ ಹಳದಿ.
ನಾನು ಒಳಗೊಳಗೇ ಬೀಗಿದ್ದೆ, ನನ್ನದೇ ಮಗು ರ‍್ಯಾಂಕು ಬಂದಂತೆ.
ಆಷಾಢದಲ್ಲಿ ಚಿಟ್ಟಿ ಬಂತು: ಹಾ-೪೭, ನಡುಕ, ನೂರನಾಲ್ಕು ಜ್ವರ,
ರಕ್ತಲೇಪ ಪಾಸಿಟಿವ್.
ಹಾ-೪೮, ಹಳದಿ ಎಂದರೆ ಹಳದಿ, ಇಲ್ಲವೆಂದರೆ ಇಲ್ಲ;
ವರ್ಷವಿಡೀ ಕೆಮ್ಮಲೂ ಇಲ್ಲ.
ಸೊಳ್ಳೆಯೇ ಕಚ್ಚಲಿಲ್ಲವೋ,
ಸೂಜಿಗೆ ನಿಲುಕದ ಯಾವನೋ ಕಾವಲುಗಾರ
ಯಕೃತ್ತಿನ ಹೊಸ್ತಿಲಲ್ಲೇ ಕಂಬಳಿ ಹೊದ್ದು ಕೂತಿದ್ದನೋ.

ಅಂಕಿಅಂಶದ ಲೋಬೊ ಮೇಡಂ ಫೋನಿನಲ್ಲಿ ಹೇಳಿದರು:
ಗೆರೆ ಎಳೆಯಬಹುದು ಮಾರಾಯ್ತಿ, ಎಳೆಯೋಣ.
ಗೆರೆಯ ಮೇಲಿದ್ದವರಲ್ಲಿ ಜ್ವರ ಕಡಿಮೆ, ಸುಳ್ಳಲ್ಲ.
ಆದರೆ ಅದು ಗುಂಪಿನ ಮಾತು.
ಒಂದು ಮಗುವನ್ನು ಕರೆದು ಗೆರೆಗೆ ಒರಗಿಸಿ ನಿಲ್ಲಿಸಬೇಡ.

ಆದರೆ ಬರುವುದು ಒಂದೊಂದೇ ಮಗು.
ಕಾರಿಡಾರಿನಲ್ಲಿ ಬುಧನಿ, ಸೊಂಟದ ಮೇಲೆ ಮೂಗು ಸುರಿಸುವ ಹುಡುಗ,
ಎಸ್ಟೇಟಿನಲ್ಲಿ ಕಲಿತ ಕನ್ನಡ:
"ಅಕ್ಕಾ, ಇನ್ನು ಇವನಿಗೆ ಬರಲ್ಲ ಅಲ್ಲಾ?"
ಅವನು ನಲವತ್ತೇಳೋ, ನಲವತ್ತೆಂಟೋ, ನನಗೆ ಗೊತ್ತಾಗಬಾರದು.
ಗೊತ್ತಿದ್ದರೂ ಏನು ಹೇಳುತ್ತಿದ್ದೆ?
"ಪರದೆ ಕಟ್ಟಿ ಮಲಗಿಸು," ಅಂದೆ.
ಅವಳು ನನ್ನನ್ನು ನೋಡಿದ್ದು
ತೂಕದಲ್ಲಿ ಮೋಸ ಮಾಡಿದ ರೈಟರನ್ನು ನೋಡುವಂತೆ.

ಆವತ್ತು ಸಂಜೆ ಕೊನೆಯ ಸಾಲಿನಲ್ಲಿ ಒಂದು ಗುಳಿ ಉಳಿಯಿತು.
ನಿಯಮದಲ್ಲಿಲ್ಲ, ಆದರೂ ನನ್ನದೇ ರಕ್ತ ತೆಗೆದು ಹಾಕಿದೆ.
ನೀಲಿ ಏಳಲಿಲ್ಲ. ಆಮ್ಲಕ್ಕೆ ಹಳದಿಯೂ ಇಲ್ಲ.
ಸೊನ್ನೆ ಪಾಯಿಂಟ್ ಸೊನ್ನೆ ನಾಲ್ಕು ಒಂದು:
ಖಾಲಿ ಗುಳಿಗೂ ನನಗೂ ವ್ಯತ್ಯಾಸವೇ ಇಲ್ಲ.

ಈ ಜ್ವರದ ಮುಖವನ್ನು ನನ್ನ ರಕ್ತ ಒಮ್ಮೆಯೂ ಕಂಡಿಲ್ಲ.
ಬಾಗಿಲ ಪಕ್ಕದ ಗೋಡೆಗಳಲ್ಲಿ ತಾತ ಬರೆದ ತಾರೀಖುಗಳು
ಹತ್ತು ಸುಣ್ಣದ ಪದರಗಳ ಕೆಳಗೆ ಹೋದವು.
ಅವರು ಬಿಟ್ಟುಹೋದ ಆಸ್ತಿ ಈ ಖಾಲಿ.
ಇದನ್ನು ರಕ್ಷಣೆ ಅನ್ನಬೇಕೋ,
ಕಾವಲಿಲ್ಲದ ಮನೆ ಅನ್ನಬೇಕೋ,
ಯಂತ್ರ ಹೇಳಲಿಲ್ಲ. ಪ್ರಿಂಟು ಹರಿದು ಜೇಬಿಗಿಟ್ಟುಕೊಂಡೆ.

ತಟ್ಟೆ ಹಳದಿ ಚೀಲಕ್ಕೆ ಹೋಯಿತು.
ಹೊರಗೆ ಚರಂಡಿಯ ಮೇಲೆ ಸಂಜೆಯ ಮೊದಲ ಗುಂಯ್.
ಕಿಟಕಿ ಹಾಕಿದೆ.
ನಾಳೆ ಹಾ-೯೭ರಿಂದ.